ಬೀಗರ ಪಂಕ್ತಿ

ಶಿವಯ್ಯನ ಮನೆಯಲ್ಲಿ ಸಾರಿಗೆ ಹುರುಳಿಕಾಳೋ ಅವರೆಕಾಳೋ ಅನ್ನುವುದಕ್ಕೂ ಕೈ ಎತ್ತಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ. ಮದ್ದೂರಿನ ಪಕ್ಕದ ತನ್ನೂರಿನ ಹಾಲಿನ ಡೇರಿಗೆ ಮೂರು ಸಲ ಅಧ್ಯಕ್ಷನಾದ ಮನುಷ್ಯ ಅವನು. ಡೇರಿ ನಡೆದ ಹಾಗೇ ಮನೆಯೂ ನಡೆಯಬೇಕು, ಯಜಮಾನ ಅನ್ನಿಸಿಕೊಂಡವನು ಒಬ್ಬನೇ ಗದರಿಸಿಕೊಂಡು ತಿರುಗುವ ಕಾಲ ಹೋಯಿತು ಅನ್ನುವುದು ಅವನ ಸಿದ್ಧಾಂತ. ಹಸು ಮಾರುವುದು, ಟೀವಿ ತರುವುದು, ಹಿತ್ತಲ ನುಗ್ಗೆಮರ ಕಡಿಯುವುದು, ಎಲ್ಲಕ್ಕೂ ಊಟದ ಹೊತ್ತಲ್ಲಿ ಸಭೆ. ಬಲಗೈ ಮುದ್ದೆಯಲ್ಲಿರುತ್ತದಲ್ಲ, ಹಾಗಾಗಿ ಎತ್ತುವುದು ಎಡಗೈ. ಅಧ್ಯಕ್ಷರು ಕೈ ಎತ್ತುವಂತಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಅವರದೊಂದು ಓಟು. ಡೇರಿಯ ಕಾನೂನು ಅದು, ಮನೆಯ ಕಾನೂನೂ ಅದೇ.

ನುಗ್ಗೆಮರ ಬಹುಮತದಿಂದಲೇ ಬಿತ್ತು. ಆಮೇಲೆ ಸಂತೆಯಿಂದ ನುಗ್ಗೆಕಾಯಿ ತಂದಾಗೆಲ್ಲ ಹೆಂಡತಿ ಮಲ್ಲಿಗಮ್ಮ ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ಬಹುಮತ ಕಣೆ, ನಾನೇನ್ ಮಾಡ್ಲಿ" ಅಂತ ಶಿವಯ್ಯ ಟವೆಲ್ಲು ಕೊಡವಿಕೊಂಡು ಎದ್ದು ಹೋಗುತ್ತಿದ್ದ.

ಇಂಥ ಮನೆಗೆ ಒಂದು ಭಾನುವಾರ ಮಗಳು ಗಗನ ಮಂಡ್ಯದಿಂದ ಬಂದಳು. ಅಲ್ಲೊಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಇಪ್ಪತ್ತೆಂಟು ತುಂಬಿತ್ತು. ಬಂದ ಗಂಡುಗಳನ್ನೆಲ್ಲ ಒಲ್ಲೆ ಒಲ್ಲೆ ಅಂದದ್ದಕ್ಕೆ ಮದುವೆ ಬ್ರೋಕರೇ ಆ ಬೀದಿಗೆ ಬರುವುದನ್ನು ಬಿಟ್ಟಿದ್ದ. ಎಲ್ಲರೂ ಸಾಲಾಗಿ ಕೂತು ಉಪ್ಪೆಸರಿಗೆ ಮುದ್ದೆ ಮುರಿಯುತ್ತಿರುವಾಗ ಅವಳು ಬಾಯಿ ತೆಗೆದಳು.

"ಅಪ್ಪ, ಒಂದು ವಿಷ್ಯ ಸಭೆಗೆ ಇಡ್ಬೇಕಿತ್ತು."

"ಇಡವ್ವ."

"ನಾನು ದೀಪಿಕ ಜೊತೆ ಬಾಳ್ವೆ ಮಾಡ್ಬೇಕು ಅಂತಿದೀನಿ."

"ಈಗ್ಲೂ ಒಂದೇ ಮನೇಲಿ ಇದ್ದೀರಲ್ಲವ್ವ, ಅದ್ಕೇನೀಗ?" ಅಂದಳು ಶಿವಯ್ಯನ ತಾಯಿ ಚಿಕ್ಕಬೋರಮ್ಮ. ಎಂಬತ್ತು ದಾಟಿದ ಮುದುಕಿ, ಕಿವಿ ಮಾತ್ರ ಹರೆಯದ್ದು.

"ಹಂಗಲ್ಲಜ್ಜಿ. ಮದ್ವೆ ಆದಂಗೆ. ಗಂಡ ಹೆಂಡ್ತಿ ಇದ್ದಂಗೆ."

 

ದೀಪಿಕ ಆ ಮನೆಗೆ ಹೊಸಬಳೇನಲ್ಲ. ಮಳವಳ್ಳಿ ಕಡೆಯ ಪೂರಿಗಾಲಿಯ ಹುಡುಗಿ. ಮಂಡ್ಯದಲ್ಲಿ ಹೆಂಗಸರಿಗೆ ಸ್ಕೂಟರ್ ಓಡಿಸುವುದು ಹೇಳಿಕೊಡುತ್ತಿದ್ದಳು. ಗಗನಳ ಜೊತೆ ಮನೆ ಹಂಚಿಕೊಂಡು ಮೂರು ವರ್ಷವಾಗಿತ್ತು. ಹಬ್ಬಕ್ಕೆ ಬಂದವಳು ಅಡುಗೆಮನೆಯ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ರಿಪೇರಿ ಮಾಡಿಕೊಟ್ಟು ಹೋಗಿದ್ದಳು. ಮಲ್ಲಿಗಮ್ಮನಿಗೆ ಆ ಹುಡುಗಿಯ ಮೇಲೆ ಎಂಥ ಪ್ರೀತಿ ಅಂದರೆ, ಮಗ ಯತೀಶನಿಗೆ ಇವಳನ್ನೇ ಕೇಳಿದರೆ ಹೇಗೆ ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಈಗ ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮನೆಗೆ ಬಂದು ನನ್ ಕೈಲೇ ಉಂಡೋಗಿ ಇಂಥ ಕ್ಯಾಮೆ ಮಾಡವ್ಳಾ ಅವ್ಳು?"

"ಅವ್ಳೊಬ್ಳೇ ಏನ್ ಮಾಡಿಲ್ಲ ಅವ್ವ. ಇಬ್ರೂ ಸೇರಿ ಮಾಡಿರೋದು."

"ಬಾಯ್ಮುಚ್ಚು! ನಾಚ್ಕೆ ಆಗಲ್ವಾ ನಿಂಗೆ? ಬೀದೀಲಿ ನಾನು ತಲೆ ಎತ್ಕಂಡು ಎಂಗೆ ಓಡಾಡ್ಲಿ?"

ಯತೀಶನ ಕಷ್ಟವೇ ಬೇರೆ. ಮೂವತ್ತೊಂದು ವರ್ಷ, ಜೇಸಿಬಿ ಓಡಿಸುತ್ತಿದ್ದ, ಎರಡು ಎಕರೆ ಗದ್ದೆ ಬೇರೆ ಇತ್ತು, ಆದರೂ ಹೆಣ್ಣು ಸಿಕ್ಕಿರಲಿಲ್ಲ. ಮಂಡ್ಯ ಸೀಮೆಯಲ್ಲಿ ಅವನೊಬ್ಬನೇ ಹಾಗೇನಲ್ಲ, ಅಂಥ ಹುಡುಗರು ಊರಿಗೆ ಹತ್ತಾರು. "ನಂಗೆ ಯಾರು ಹೆಣ್ಣು ಕೊಡ್ತಾರೆ ಇನ್ಮೇಲೆ? ಅವನ ತಂಗಿ ಹಿಂಗಂತೆ ಅಂದ್ರೆ ಮುಗೀತು. ಇರೋ ಹೆಣ್ಣುಗಳೂ ಹಿಂಗೆ ಅವ್ರವ್ರೇ ಮದ್ವೆ ಆದ್ರೆ ನಾವೆಲ್ಲ ಸನ್ಯಾಸಿ ಆಗ್ಬೇಕಾ?"

"ನಿಂಗೆ ಹೆಣ್ಣು ಸಿಗ್ದೆ ಇರೋದು ನನ್ನಿಂದ ಅಲ್ಲ ಕಣೋ. ನಿನ್ ಬಾಯಿಂದ."

"ಸುಮ್ಕಿರಿ" ಅಂದ ಶಿವಯ್ಯ. ಅವನಿಗೆ ಸಿಟ್ಟು ಬಂದಿತ್ತೋ ಭಯವಾಗಿತ್ತೋ ಅವನಿಗೇ ತಿಳಿಯಲಿಲ್ಲ. ಏನೂ ತೋಚದಾಗ ಅವನು ಕಾನೂನನ್ನು ಹಿಡಿದುಕೊಳ್ಳುತ್ತಿದ್ದ. "ಇದ್ಕೆ ಕಾನೂನಲ್ಲಿ ಅವಕಾಸ ಅದಾ?"

"ರಿಜಿಸ್ಟ್ರು ಮಾಡ್ಸಕ್ಕಾಗಲ್ಲಪ್ಪ. ನಾವು ಮಾಡೋ ಕೆಲಸ ಅಲ್ಲ ಇದು, ಪಾರ್ಲಿಮೆಂಟು ಮಾಡ್ಬೇಕು ಅಂತ ದೊಡ್ಡ ಕೋರ್ಟು ಹೇಳಿದೆ. ಪೊಲೀಸ್ನೋರು ಹಿಡ್ಕೊಂಡೋಗಲ್ಲ, ಅಷ್ಟೇ." ಅವಳು ನೀರು ಕುಡಿದಳು. "ನಾನು ಮಂಟಪ ಕೇಳ್ತಿಲ್ಲ, ವಾಲಗ ಕೇಳ್ತಿಲ್ಲ. ಒಂದು ಬೀಗರೂಟ ಹಾಕಿ ಸಾಕು. ಈ ಮನೇಲಿ. ದೀಪಿಕನ್ ಅವ್ವ ಬಂದು ಕೂತ್ಕೊಳ್ಳಿ, ನೀವು ಬಡಿಸಿ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ನಾನು ಬರೋದು ನಿಲ್ಲಿಸ್ಬುಡ್ತೀನಿ. ಅವ್ಳನ್ನ ಫ್ರೆಂಡು ಫ್ರೆಂಡು ಅಂತ ಸುಳ್ಳು ಹೇಳ್ಕೊಂಡು ಬಂದಿದ್ದು ಸಾಕಾಗಿದೆ ಅಪ್ಪ."

ಅವಳು ಕಿರುಚಲಿಲ್ಲ, ಅಳಲಿಲ್ಲ. ಶಿವಯ್ಯನಿಗೆ ಅದೇ ಹೆಚ್ಚು ಹೆದರಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಸಭೆ ಶುರುಮಾಡಿದ. ಇಂಥ ವಿಷಯಕ್ಕೆ ಕೈ ಎತ್ತಿಸಬಾರದು ಅಂತ ಬೇರೆ ಯಾವ ಅಪ್ಪನಿಗಾದರೂ ಹೊಳೆಯುತ್ತಿತ್ತು. ಈ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

"ಬೀಗರೂಟ ಆಕ್ಬೇಕು ಅನ್ನೋರು?"

ಗಗನಳ ಎಡಗೈ ಮೇಲೆ ಹೋಯಿತು. ಅದರ ಹಿಂದೆಯೇ ಚಿಕ್ಕಬೋರಮ್ಮನ ಬಳೆಯ ಕೈ.

"ಅತ್ತೆಮ್ಮಾ!" ಅಂದಳು ಮಲ್ಲಿಗಮ್ಮ.

"ಏನೇ? ಇಬ್ರೂ ಸಂಬ್ಳ ತತ್ತರೆ. ಕುಡಿಯೋನಿಲ್ಲ, ಒಡೆಯೋನಿಲ್ಲ. ನಿಮ್ಮಾವ ಬದ್ಕಿರಗಂಟ ನನ್ ಬೆನ್ ಮ್ಯಾಲೆ ಎಷ್ಟ್ ಬಿದ್ದವೆ ಅಂತ ನಿಂಗೇನ್ ಗೊತ್ತು? ನಂಗೇನೋ ಒಳ್ಳೆ ಸಂಬಂದ ಅನ್ನಿಸ್ತದಪ್ಪ. ಮಕ್ಳು ಮರಿ ಎಂಗೆ ಅಂತ ಮಾತ್ರ ಗೊತ್ತಾಗಾಕಿಲ್ಲ."

ಬೇಡ ಅನ್ನುವವರ ಕಡೆ ಮಲ್ಲಿಗಮ್ಮ, ಯತೀಶ. ಎರಡಕ್ಕೆ ಎರಡು, ಸಮ. ಎಲ್ಲರ ಕಣ್ಣೂ ಶಿವಯ್ಯನ ಮೇಲೆ ಬಂದು ನಿಂತವು. ಅಷ್ಟು ವರ್ಷದ ಅಧ್ಯಕ್ಷಗಿರಿಯಲ್ಲಿ ಅಂಥ ಕುತ್ತು ಅವನಿಗೆ ಬಂದಿರಲಿಲ್ಲ.

"ವಿಷ್ಯ ದೊಡ್ಡದದೆ. ಎರಡು ವಾರ ಮುಂದಕ್ಕಾಕಿವ್ನಿ" ಅಂದು ಕೈತೊಳೆಯಲು ಎದ್ದ. ಮುದ್ದೆ ಅರ್ಧ ಹಾಗೇ ಉಳಿದಿತ್ತು.

ಆ ಎರಡು ವಾರ ಮನೆಯಲ್ಲಿ ನೆಟ್ಟಗೆ ಊಟವೇ ಆಗಲಿಲ್ಲ. ಮಲ್ಲಿಗಮ್ಮ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ದಿನ ಸಾರಿಗೆ ಉಪ್ಪೇ ಇರಲಿಲ್ಲ, ಮಾರನೆಯ ದಿನ ಬಾಯಿಗಿಡಲಾರದಷ್ಟು. ಅತ್ತೆಗೆ ಸ್ನಾನಕ್ಕೆ ನೀರು ತೋಡಿಕೊಡುವಾಗ ಚೊಂಬನ್ನು ಕುಕ್ಕುತ್ತಿದ್ದಳು. "ಕುಕ್ಕು ಕುಕ್ಕು, ಚೊಂಬು ನಿಮ್ಮಪ್ಪನ್ ಮನೇದೇ" ಅನ್ನುತ್ತಿದ್ದಳು ಮುದುಕಿ. ಯತೀಶ ತಂಗಿಯ ಫೋಟೋ ಒಂದನ್ನು ಹೊಸ ಬ್ರೋಕರಿಗೆ ಕಳಿಸಿದ್ದು ಗೊತ್ತಾಗಿ ಅಜ್ಜಿ ಅವನಿಗೆ ಕಾಫಿ ಕೊಡಬೇಡ ಅಂತ ಕಟ್ಟಪ್ಪಣೆ ಮಾಡಿದಳು. ಮಲ್ಲಿಗಮ್ಮ ಆದರೂ ಕೊಟ್ಟಳು. ಕೊಟ್ಟು, "ನೀನ್ ಮಾಡಿದ್ದೂ ಸರಿ ಇಲ್ಲ ಕಣ್ಲಾ" ಅಂತ ಅತ್ತಳು.

ಮಧ್ಯಾಹ್ನ ಯಾರೂ ಇಲ್ಲದಾಗ ಅವಳೇ ಮಂಡ್ಯಕ್ಕೆ ಫೋನು ಮಾಡುತ್ತಿದ್ದಳು. ಮೊದಲು, "ಉಂಡಾ?" ಆಮೇಲೆ, "ಏನ್ ಸಾರು?" ಆಮೇಲೆ, "ಯಾರ್ ಮಾಡಿದ್ದು?" ಅತ್ತಲಿಂದ "ದೀಪಿಕ" ಅಂತ ಬಂದ ಕೂಡಲೇ ಫೋನು ಕಟ್. ಹಸುವಿಗೆ ಹಿಂಡಿ ಕಲಸುತ್ತಿದ್ದ ಶಿವಯ್ಯ ಇದನ್ನು ಕೇಳಿಸಿಕೊಂಡೂ ಕೇಳಿಸದವನ ಹಾಗೆ ಇರುತ್ತಿದ್ದ.

ಅವನಿಗೆ ಬುದ್ಧಿ ಓಡದಿದ್ದಾಗ ಹೋಗುವ ಜಾಗ ಒಂದೇ. ಮದ್ದೂರಿನಲ್ಲಿ ನಯಾಜ್ ಪಾಷಾನ ಮೋಟಾರು ರಿಪೇರಿ ಅಂಗಡಿ, ಅದರ ಮುಂದಿನ ಮರದ ಬೆಂಚು. ನಯಾಜ್, ಶಿವಯ್ಯ, ಕೆಂಪಸಿದ್ದಯ್ಯ ಹೈಸ್ಕೂಲಿನಿಂದ ಜೊತೆಗಾರರು. ನಯಾಜ್ ಐದು ಹೊತ್ತಿನ ನಮಾಜು ತಪ್ಪಿಸದವನು. ಕೆಂಪಸಿದ್ದಯ್ಯ ಶಿವಯ್ಯನ ಊರಿನವನೇ. ಹಣೆ ತುಂಬ ವಿಭೂತಿ, ಊರಿನ ಯಾವ ದೇವರ ಕೆಲಸಕ್ಕೂ ಅವನೇ ಮುಂದು.

ಒಂದು ಮಾತು ಇಲ್ಲಿ ಹೇಳಬೇಕು. ಡೇರಿಯ ವಾರ್ಷಿಕ ಸಭೆ ಆದ ಮೇಲೆ ಊರಿಗೆಲ್ಲ ಕುರಿಮರಿ ಊಟ ಹಾಕುವ ವಾಡಿಕೆ. ಆ ಮರಿಯನ್ನು ಮೊದಲಿನಿಂದಲೂ ಕುಯ್ಯುತ್ತಿದ್ದದ್ದು ನಯಾಜ್. ಅವನು ಬಿಸ್ಮಿಲ್ಲಾ ಹೇಳಿ ಕುಯ್ದರೆ ಅವರೂ ಉಣ್ಣಬಹುದು, ಇವರೂ ಉಣ್ಣಬಹುದು, ಎಲ್ಲರದೂ ಒಂದೇ ಪಾತ್ರೆ. ಎರಡು ವರ್ಷದ ಕೆಳಗೆ ಕೆಂಪಸಿದ್ದಯ್ಯ ಎದ್ದು ನಿಂತು, ನಮ್ಮ ಊಟಕ್ಕೆ ನಮ್ಮವರೇ ಕುಯ್ಯಲಿ ಅಂದ. ಕೈಗಳು ಎದ್ದವು. ಅಧ್ಯಕ್ಷ ಶಿವಯ್ಯ ಎಣಿಸಿದ, ಬಹುಮತ ಅಂದ, ನಡಾವಳಿಗೆ ರುಜು ಹಾಕಿದ. ಅವತ್ತಿನಿಂದ ನಯಾಜ್ ಆ ಊಟಕ್ಕೆ ಬರುವುದಿಲ್ಲ. ಬೆಂಚಿನ ಮೇಲೆ ಮಾತ್ರ ಮೂವರೂ ಮೊದಲಿನ ಹಾಗೇ ಟೀ ಕುಡಿಯುತ್ತಿದ್ದರು. ಬೇರೆ ಊರಿನ ಜನಕ್ಕೆ ಇದು ಅರ್ಥವಾಗುವುದು ಕಷ್ಟ.

ಶಿವಯ್ಯ ವಿಷಯ ಹೇಳಿ ಮುಗಿಸಿದ. ಕೆಂಪಸಿದ್ದಯ್ಯ ಬೆಂಕಿ ಉಗುಳುತ್ತಾನೆ, ನಯಾಜ್ ಸಮಾಧಾನ ಹೇಳುತ್ತಾನೆ ಅಂತ ಅವನ ಅಂದಾಜು. ಆದದ್ದು ಪೂರ್ತಿ ತಲೆಕೆಳಗು.

"ಆಗ್ಲಿ ಬುಡ್ಲಾ" ಅಂದ ಕೆಂಪಸಿದ್ದಯ್ಯ. "ಅರ್ಧ ಗಂಡು ಅರ್ಧ ಎಣ್ಣು ಆಗಿರೋ ಸಿವ್ನಿಗೇ ಕೈ ಮುಗಿಯೋರು ನಾವು. ನಮ್ಮಲ್ಲಿ ಯಾವ್ದಿಲ್ಲ ಯೋಳು? ಆ ಮಗೀನ ನಾನೇ ಎಗ್ಲ ಮ್ಯಾಲೆ ಒತ್ಕಂಡು ತಿರುಗಿವ್ನಿ. ಎಲ್ಲಾದ್ರೂ ಸುಕ್ವಾಗಿರ್ಲಿ."

ನಯಾಜ್ ತಾಮ್ರದ ತಂತಿ ಸುತ್ತುತ್ತಿದ್ದ ಕೈಯನ್ನು ನಿಲ್ಲಿಸಿದ. "ನಂಗೆ ಸರಿ ಕಾಣಲ್ಲ ಶಿವ. ನಮ್ಮಲ್ಲಿ ಇದು ಗುನಾ, ದೊಡ್ಡ ಪಾಪ. ನಿನ್ನ ಸಮಾಧಾನಕ್ಕೆ ಸುಳ್ಳು ಹೇಳ್ಲಾ?"

"ನಿಮ್ಮಲ್ಲಿ ಪಾಪ ಆದ್ರೆ ನಿಮ್ಮಲ್ಲಿ ಮಾಡ್ಬ್ಯಾಡಿ ಕಣ್ಲಾ. ಅವ್ಳು ನಮ್ಮ ಎಣ್ಮಗ" ಅಂದ ಕೆಂಪಸಿದ್ದಯ್ಯ.

"ನಿಮ್ಮ ಹೆಣ್ಮಗ! ಹೆರಿಗೆಗೆ ಮಲ್ಲಿಗಮ್ಮನ್ನ ನನ್ ಲಗೇಜ್ ಆಟೋದಲ್ಲಿ ಮಲಗಿಸ್ಕೊಂಡು ಹೋದಾಗ ನೀನು ಎಲ್ಲಿದ್ಯಪ್ಪ? ಅವ್ಳು ಯಾವಾಗ ನಿಮ್ಮೋಳು ಆದ್ಲು, ಯಾವಾಗ ನಾನು ಬೇರೆಯೋನಾದೆ?"

"ಅದ್ನ ಇದ್ಕೆ ತರ್ಬ್ಯಾಡ."

"ತರ್ತೀನಿ. ಯಾಕೆ ತರ್ಬಾರ್ದು?"

"ಥೂ, ಜಗಳ ಆಡ್ಬೇಡ್ರಲೇ" ಅಂದ ಶಿವಯ್ಯ. "ನಾನು ಕೇಳಕ್ಕೆ ಬಂದಿರೋದು ಒಂದೇ. ನಾಕು ಜನ ಏನಂತಾರೆ? ಬಹುಮತ ಯಾವ ಕಡೆ ಅದೆ?"

"ಜನಾನ ಕೇಳುದ್ರೆ ನೂರ್ಕೆ ತೊಂಬತ್ ಜನ ಬ್ಯಾಡ ಅಂತಾರೆ" ಅಂದ ಕೆಂಪಸಿದ್ದಯ್ಯ. "ಅದು ನಿಜವೇ. ಪಾರ್ಲಿಮೆಂಟಾದ್ರೂ ಕೈ ಎತ್ತೋದೇ ಅಲ್ವಾ? ಅಲ್ಲಿ ಎತ್ತಗಂಟ ನೀನು ಸುಮ್ಕಿರು. ಜನ ಒಪ್ಪುದ್ರೆ ಮಾಡು, ಇಲ್ದಿದ್ರೆ ಬುಡು."

"ಈಗ ತಾನೇ ಆಗ್ಲಿ ಅಂದ್ಯಲ್ಲೋ!"

"ಅದು ನನ್ ಮನಸಿನ್ ಮಾತು. ಇದು ಊರ್ ಮಾತು. ಎರಡೂ ಬೇರೆ ಕಣ್ಲಾ."

ನಯಾಜ್ ಕೈಯಲ್ಲಿದ್ದ ಮೋಟಾರನ್ನು ಪಕ್ಕಕ್ಕೆ ಸರಿಸಿದ. ಅವನು ಧ್ವನಿ ಏರಿಸುವ ಆಸಾಮಿಯಲ್ಲ. ಅವತ್ತು ಏರಿಸಿದ. "ಶಿವ, ನನ್ ದೀನ್, ನನ್ ಧರ್ಮ, ಇದನ್ನ ತಪ್ಪು ಅಂತದೆ, ನಾನೂ ತಪ್ಪು ಅಂತೀನಿ. ಆದ್ರೆ ಜನ ಜಾಸ್ತಿ ಅವ್ರೆ ಅಂತ ತಪ್ಪು ಅನ್ನಬೇಡ. ಜನ ಜಾಸ್ತಿ ಅನ್ನೋ ಮಾತು ಕೇಳಿದ್ರೆ ನಂಗೆ ಭಯ ಆಗ್ತದೆ. ಆವತ್ತು ಡೇರೀಲಿ ನೀನು ಎಣಿಸ್ದೆ. ನಾನು ನಿನ್ ಮೇಲೆ ಕೋಪ ಮಾಡ್ಕೊಂಡ್ನಾ? ಒಂದೇ ಒಂದು ಕೇಳ್ತೀನಿ. ನಿಂಗೇನು ಅನ್ನಿಸ್ತು ಅಂತ ಇವತ್ತಿನ ತನಕ ಹೇಳಿದ್ಯಾ?"

"ಅಧ್ಯಕ್ಷ ಕೈ ಎತ್ತಂಗಿಲ್ಲ ಕಣ್ಲಾ. ಕಾನೂನು."

"ಹೂಂ. ಕೂತ್ಕೊ, ಟೀ ತರಿಸ್ತೀನಿ."

ಶಿವಯ್ಯ ಕೂರಲಿಲ್ಲ. ಮನೆಯ ಕಡೆ ಹೊರಟವನಿಗೆ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು. ಪಾಪ ಅನ್ನುವವನು ಎಣಿಸಬೇಡ ಅನ್ನುತ್ತಾನೆ. ಪಾಪವಲ್ಲ ಅನ್ನುವವನು ಎಣಿಸು ಅನ್ನುತ್ತಾನೆ. ಇಬ್ಬರಲ್ಲಿ ಯಾರ ಕಡೆಗೆ ನಿಲ್ಲುವುದು? ಯಾರ ಕಡೆ ನಿಂತರೂ ಇನ್ನೊಬ್ಬನ ಅರ್ಧ ಮಾತು ಸರಿ ಅನ್ನಿಸುತ್ತಿತ್ತಲ್ಲ, ಅದಕ್ಕೇನು ಮಾಡುವುದು? ಎರಡು ಹೆಣ್ಣುಗಳು ಸಂಸಾರ ಮಾಡುವುದನ್ನು ನೆನೆದರೆ ಅವನಿಗೆ ಕಸಿವಿಸಿ. ಗಗನ ಮನೆಗೇ ಬರುವುದಿಲ್ಲ ಅನ್ನುವುದನ್ನು ನೆನೆದರೆ ಎದೆಯೊಳಗೆ ಕೈಹಾಕಿ ಹಿಂಡಿದ ಹಾಗೆ. ಯೋಚಿಸಿ ಯೋಚಿಸಿ ಕೊನೆಗೆ ಒಂದು ದಾರಿ ಕಂಡುಕೊಂಡ. ಮುಂದಿನ ಸಭೆಯಲ್ಲೂ ಎರಡಕ್ಕೆ ಎರಡು ಸಮ ಬಂದೇ ಬರುತ್ತದೆ. ಆಗ ಅಧ್ಯಕ್ಷರ ಓಟನ್ನು ಮಗಳಿಗೆ ಹಾಕುವುದು. ಯಾರೂ ಕೇಳುವ ಹಾಗಿಲ್ಲ, ಎಲ್ಲ ಕಾನೂನಿನ ಪ್ರಕಾರ. ಹೆಂಡತಿ ರಂಪ ಮಾಡಿದರೆ ನಿಯಮ ತೋರಿಸಿದರಾಯಿತು. ಹೀಗಂದುಕೊಂಡ ಮೇಲೆ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಆ ಭಾನುವಾರ ನಾಟಿ ಕೋಳಿ ಸಾರು. ಕುಯ್ಯಿಸಿದ್ದು ಮಲ್ಲಿಗಮ್ಮನೇ. ಬೇಡ ಅನ್ನುವುದಕ್ಕೂ ಒಂದು ಒಳ್ಳೆ ಊಟ ಹಾಕಿಯೇ ಬೇಡ ಅನ್ನಬೇಕು ಅಂತ ಅವಳ ಮನಸ್ಸಿನಲ್ಲಿತ್ತೋ ಏನೋ. ಗಗನಳ ತಟ್ಟೆಗೆ ಈಲಿ, ಗುಂಡಿಗೆ, ತೊಡೆ ಎಲ್ಲ ಹುಡುಕಿ ಹುಡುಕಿ ಹಾಕಿದಳು. ಮುಖ ಮಾತ್ರ ಗಂಟು. ಗಗನ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಶಿವಯ್ಯ ಸಭೆ ಕರೆದ. ಗಂಟಲಲ್ಲಿ ಆಗಲೇ ಗೆದ್ದವನ ಗತ್ತಿತ್ತು.

"ಬೀಗರೂಟ ಈ ಮನೇಲಿ ಆಕ್ಬೇಕು ಅನ್ನೋರು?"

ಚಿಕ್ಕಬೋರಮ್ಮನ ಕೈ ಮೇಲೆ ಹೋಯಿತು. ಅದೊಂದೇ.

"ಗಗನ?"

"ನಾನು ಎತ್ತಲ್ಲ ಅಪ್ಪ."

"ಯಾಕವ್ವ? ನೀನೇ ಇಟ್ಟ ವಿಷ್ಯ ಇದು."

"ನಂಗೆ ನಾನೇ ಓಟಾಕ್ಕೊಂಡು ಈ ಮನೆ ಮಗಳಾಗ್ಬೇಕಾ?" ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ಒಂದು ಕೈ ಜಾಸ್ತಿ ಬಂದ್ರೆ ಮಗಳು, ಒಂದು ಕೈ ಕಮ್ಮಿ ಬಂದ್ರೆ ಅಲ್ಲ. ಎರಡು ವಾರ ಯೋಚನೆ ಮಾಡ್ದೆ. ಒಬ್ರೂ ಫೋನು ಮಾಡಿ, ನಂಗೆ ಇಷ್ಟ ಇಲ್ಲ ಆದ್ರೂ ಬಡಿಸ್ತೀನಿ ಅನ್ಲಿಲ್ಲ. ಇಲ್ಲ, ನಂಗೆ ಇಷ್ಟ ಅದೆ ಅಂತ್ಲೂ ಅನ್ಲಿಲ್ಲ. ಬ್ಯಾಡಪ್ಪ. ಅಜ್ಜಿ, ನೀನೂ ಕೈ ಇಳಿಸು, ನೋಯ್ತದೆ."

"ನೋಯ್ಲಿ ಬುಡು" ಅಂದಳು ಮುದುಕಿ, ಇಳಿಸಲಿಲ್ಲ.

ಬೇಡ ಅನ್ನುವವರು ಯಾರು ಅಂತ ಶಿವಯ್ಯ ಕೇಳಲಿಲ್ಲ. ಕೇಳದೆಯೇ ಯತೀಶ ಎತ್ತಿದ. ಮಲ್ಲಿಗಮ್ಮನ ಕೈ ಸೆರಗಿನ ಹತ್ತಿರ ಅರ್ಧ ಎದ್ದು ಅಲ್ಲೇ ನಿಂತಿತು. ಅರ್ಧ ಎದ್ದದ್ದೂ ಎಣಿಕೆಗೆ ಬರುತ್ತದೆ, ಒಂದಕ್ಕೆ ಎರಡು.

"ನಾನು..." ಅಂದ ಶಿವಯ್ಯ.

"ಸಮ ಬರ್ಲಿಲ್ವಲ್ಲಪ್ಪ. ನಿಂದು ಬೇಕಾಗಲ್ಲ."

ಅಷ್ಟು ದಿನದಿಂದ ಜೋಪಾನ ಮಾಡಿಟ್ಟುಕೊಂಡಿದ್ದ ಮಾತು ಅವನ ಬಾಯಲ್ಲೇ ಉಳಿಯಿತು. ಒಂದು ಸಲ, ಒಂದೇ ಒಂದು ಸಲ ಕಾನೂನು ಬಿಟ್ಟು ಕೈ ಎತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನ ಎಡಗೈ ಮಂಡಿಯ ಮೇಲೆ ಇದ್ದಲ್ಲೇ ಇತ್ತು. ಗಗನ ಒಂದು ಗಳಿಗೆ ಆ ಕೈಯನ್ನೇ ನೋಡಿದಳು. ತಟ್ಟೆ ತೊಳೆದಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಬರೋ ಭಾನುವಾರ ಪೂರಿಗಾಲೀಲಿ ದೀಪಿಕನ್ ಅವ್ವ ಊಟ ಹಾಕ್ತಾವ್ರೆ. ಬರೋದಿದ್ರೆ ಬನ್ನಿ" ಅಂದು ಬಸ್ಸಿಗೆ ಹೊರಟಳು.

ಆಮೇಲೆ ಮನೆಯಲ್ಲಿ ಸಭೆ ನಡೆಯಲಿಲ್ಲ. 'ಏನ್ ಸಾರು ಮಾಡ್ಲಿ' ಅಂತ ಕೇಳುವವರಿಲ್ಲ. ಮಲ್ಲಿಗಮ್ಮ ಮೂರು ದಿನವೂ ಅದೇ ಹುರುಳಿಕಾಳು ಬೇಯಿಸಿದಳು. ನಾಲ್ಕನೆಯ ದಿನ ಹಾಲು ಕರೆಯುತ್ತಿದ್ದವನ ಬೆನ್ನಿಗೆ ಬಂದು ನಿಂತಳು.

"ಆವತ್ತು ನೀವು ಬೇಕು ಅಂತಿದ್ರಾ, ಬ್ಯಾಡ ಅಂತಿದ್ರಾ?"

"ಸಮ ಬಂದಿದ್ರೆ ಎತ್ತಿರ್ತಿದ್ದೆ."

"ಬಾಯಿರ್ಲಿಲ್ವಾ ನಿಮ್ಗೆ?"

"ನೀನೇ ಬ್ಯಾಡ ಅಂದವ್ಳು, ಈಗ ನನ್ ಮ್ಯಾಲೆ ಬತ್ತೀಯಾ?"

"ನಾನು ಊಟ ಬ್ಯಾಡ ಅಂದೆ! ಮಗಳು ಬ್ಯಾಡ ಅಂದ್ನಾ?" ಅವಳು ಕಂಬಕ್ಕೆ ತಲೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು. "ನೀವು ಬೇಕು ಅಂದಿದ್ರೆ ನಿಮ್ಮನ್ನ ಬೈಕೊಂಡು, ಎಲ್ಲಾರ್ನೂ ಬೈಕೊಂಡು, ಎಂಗೋ ಬಡಿಸಿರ್ತಿದ್ದೆ. ಬೈಯ್ಯಕ್ಕಾದ್ರೂ ಒಬ್ರು ಬೇಕಲ್ಲ ಮನೇಲಿ!"

ಶಿವಯ್ಯ ಬೆಂಚಿಗೆ ಓಡಿದ. ಕೆಂಪಸಿದ್ದಯ್ಯನೂ ಅಲ್ಲೇ ಇದ್ದ.

"ಭಾನುವಾರ ಪೂರಿಗಾಲಿಗೆ ಬಾರ್ಲಾ, ಜೊತೇಲಿ ಓಗನ. ನೀನಾದ್ರೆ ಒಪ್ತೀಯ."

"ಒಪ್ತೀನಿ ಕಣ್ಲಾ, ಮನಸಿನಲ್ಲಿ ಪೂರ್ತಿ ಒಪ್ತೀನಿ" ಅಂದ ಕೆಂಪಸಿದ್ದಯ್ಯ, ವಿಭೂತಿ ಕೆರೆದುಕೊಳ್ಳುತ್ತ. "ಆದ್ರೆ ಡೇರಿ ಎಲೆಕ್ಸನ್ ಬಂದದೆ, ಈ ಸತಿ ನಾನು ನಿಂತಿವ್ನಿ. ಅಲ್ಲಿ ಪಂಕ್ತೀಲಿ ಕೂತಿದ್ನಂತೆ ಅಂದ್ರೆ ನಂಗೆ ನಾಕೋಟು ಬೀಳ್ತವಾ? ನೀನೇ ಯೋಳು."

ಶಿವಯ್ಯ ನಯಾಜನ ಕಡೆ ತಿರುಗಿದ.

"ನಾನು ಬರಲ್ಲ" ಅಂದ ನಯಾಜ್. "ಆ ಊಟದಲ್ಲಿ ನನ್ ಕೈ ಓಡಲ್ಲ. ಆದ್ರೆ ಕೇಳು. ನೀನು ಹೋಗದೆ ಇದ್ರೆ ನಾಳೆಯಿಂದ ಈ ಬೆಂಚಿಗೆ ಬರ್ಬೇಡ."

"ತಪ್ಪು ಅಂತೀಯ, ಓಗು ಅಂತೀಯ! ನಾನೇನ್ ಅರ್ಥ ಮಾಡ್ಕಳ್ಳಿ?"

"ಎರಡೂ ಹೇಳ್ತೀನಿ. ಅವಳು ಮಾಡ್ತಿರೋದು ತಪ್ಪು. ಅಪ್ಪ ಹೋಗದೆ ಇರೋದು ಅದಕ್ಕಿಂತ ದೊಡ್ಡ ತಪ್ಪು. ಯಾವ್ದು ಹೆಂಗೆ ಅಂತ ಅಲ್ಲಾಹ್ ಲೆಕ್ಕ ಹಾಕ್ತಾನೆ, ನಂಗೂ ಪೂರ್ತಿ ಗೊತ್ತಿಲ್ಲ ಯಾರ್."

ಭಾನುವಾರ ಬಂತು. ಶಿವಯ್ಯ ಬೆಳಿಗ್ಗೆಯೇ ಬಿಳಿ ಪಂಚೆ ಉಟ್ಟ. ಉಟ್ಟು, ಹಸುವಿಗೆ ಹುಲ್ಲು ಹಾಕಿದ. ಬಾಗಿಲಿಗೆ ಬಂದು ಬೀದಿ ನೋಡಿದ, ಒಳಗೆ ಹೋಗಿ ಕೂತ, ಮತ್ತೆ ಬಾಗಿಲಿಗೆ ಬಂದ. ಮಳವಳ್ಳಿ ಕಡೆ ಹೋಗುವ ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ಚಿಕ್ಕಬೋರಮ್ಮನಿಗೆ ರಾತ್ರಿಯಿಂದ ಮಂಡಿ ಊದಿ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ, "ಓದ್ನಾ? ಇನ್ನೂ ಓಗಿಲ್ವಾ ಆ ಮೂದೇವಿ?" ಅಂತ ಕೂಗುತ್ತಿದ್ದಳು. ಯತೀಶ ಬೆಳಗಾಗುವ ಮೊದಲೇ ಜೇಸಿಬಿ ತೆಗೆದುಕೊಂಡು ಹೋಗಿದ್ದ, ಕೆಲಸ ಇತ್ತೋ ಇಲ್ಲವೋ.

ಬಿಸಿಲು ನೆತ್ತಿಗೆ ಬಂದಾಗ ಮಲ್ಲಿಗಮ್ಮ ಪೊರಕೆ ಹಿಡಿದು ಬಂದಳು.

"ಓಗೋದಾದ್ರೆ ಓಗಿ. ಇಲ್ಲಾಂದ್ರೆ ಈ ಪೊರ್ಕೆ ತಕ್ಕಂಡು ಕೊಟ್ಗೆ ಗುಡ್ಸಿ. ಬಾಗ್ಲಿಗೆ ಅಡ್ಡ ನಿಂತ್ಕೋಬ್ಯಾಡಿ."

"ನೀನೂ ಬಾ."

"ನಂಗಿನ್ನೂ ಒಟ್ಟೆ ಉರೀತದೆ. ನನ್ನ ಕರೀಬ್ಯಾಡಿ." ಒಳಗೆ ಹೋದವಳು ಮತ್ತೆ ಹೊಸ್ತಿಲಿಗೆ ಬಂದಳು. "ಅಯ್ಯೋ, ನಿಂತೇ ಅವ್ರಲ್ಲಪ್ಪ!"

ಅವನು ಹೊರಟ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದ. ಪೂರಿಗಾಲಿ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಒಂದು ಲೆಕ್ಕಕ್ಕೆ ಅದು ಅವನಿಗೆ ನೆಮ್ಮದಿಯೇ ಆಗಿತ್ತು. ಊಟ ಮುಗಿದಿರುತ್ತದೆ, ಜನ ಚದುರಿರುತ್ತಾರೆ, ಮಗಳ ತಲೆ ಸವರಿ, ಒಂದು ಲೋಟ ಮಜ್ಜಿಗೆ ಕುಡಿದು ಬಂದರೆ ಹೋದ ಹಾಗೂ ಆಯಿತು, ಪಂಕ್ತಿಯಲ್ಲಿ ಕೂರದ ಹಾಗೂ ಆಯಿತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೊಪ್ಪಿನ ಚಪ್ಪರ, ಅದರ ಕೆಳಗೆ ಮೂವತ್ತು ನಲವತ್ತು ಜನ. ಮಟನ್ ಸಾರಿನ ವಾಸನೆ ಬೀದಿಯ ತುದಿಗೇ ಬಂದಿತ್ತು. ಆದರೆ ಯಾರ ಮುಂದೆಯೂ ಎಲೆ ಇರಲಿಲ್ಲ. ಗಂಡಸರು ಜಗಲಿಯ ಮೇಲೆ ಬಾಡಿದ ಮುಖ ಹಾಕಿಕೊಂಡು ಕೂತಿದ್ದರು. ಒಂದು ಮಗು ಅಮ್ಮನ ಸೆರಗು ಎಳೆದು ಎಳೆದು ಅಳುತ್ತಿತ್ತು. ಶಿವಯ್ಯನನ್ನು ಕಂಡು ಒಬ್ಬ ಮುದುಕ, "ಅಂತೂ ಬಂದ್ರಾ? ನಮ್ ಪ್ರಾಣ ಓಯ್ತಿತ್ತು ಕಣಪ್ಪ" ಅಂದ.

ದೀಪಿಕಳ ತಾಯಿ ಪಟ್ಟಲಮ್ಮ ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. ಗಂಡ ಸತ್ತು ಹದಿನೈದು ವರ್ಷ ಕೂಲಿನಾಲಿ ಮಾಡಿ ಮಗಳನ್ನು ಸಾಕಿದ ಹೆಂಗಸು. ಕಣ್ಣು ಕೆಂಪಗಿದ್ದವು, ಹೊಗೆಗೋ ಅಳುವಿಗೋ.

"ಬನ್ನಿ ಬೀಗ್ರೆ. ಕಾಲ್ಗೆ ನೀರ್ ತಕ್ಕಳಿ."

ಬೀಗ್ರೆ! ಅವನನ್ನು ಹಾಗೆ ಯಾರೂ ಇದುವರೆಗೆ ಕರೆದಿರಲಿಲ್ಲ. "ಊಟ... ಇನ್ನೂ ಆಗಿಲ್ವಾ?"

"ಎಂಗಾಯ್ತದೆ? ಮೊದಲ್ನೆ ಪಂಕ್ತಿ ಬೀಗ್ರುದು. ಬೀಗ್ರು ಕೂರದೆ ಬೇರೆಯೋರಿಗೆ ಎಲೆ ಆಕುದ್ರೆ ಅದು ಬೀಗರೂಟ ಎಂಗಾಯ್ತದೆ? ಬರಲ್ಲ ಕಣಮ್ಮಿ, ಬಡ್ಸು ಅಂತ ಇವ್ರೆಲ್ಲ ರೇಗಾಡುದ್ರು. ಇನ್ನೊಂದ್ ಗಳಿಗೆ, ಇನ್ನೊಂದ್ ಗಳಿಗೆ ಅಂತ ನಾನೇ ತಡೆದಿವ್ನಿ. ಎಷ್ಟ್ ಜನ ಬಂದಿದೀರಿ? ಎಲೆ ಆಕ್ಸನ."

ಶಿವಯ್ಯ ಹಿಂದಕ್ಕೆ ತಿರುಗಿ ನೋಡಿದ. ಬೀದಿ ಖಾಲಿ.

"ಒಬ್ನೇ ಕಣಮ್ಮ."

"ಸರಿ ಬುಡಿ, ಒಬ್ರಾದ್ರೂ ಬಂದ್ರಲ್ಲ."

ಚಪ್ಪರದ ಉದ್ದಕ್ಕೂ ಹಾಸಿದ್ದ ಚಾಪೆಯ ನಡುವೆ ಒಂದೇ ಒಂದು ಬಾಳೆಲೆ ಬಿತ್ತು. ಅವನು ಕೂತ. ಊರಿನ ಅಷ್ಟೂ ಜನ ನಿಂತು ಅವನನ್ನೇ ನೋಡುತ್ತಿದ್ದರು. ಒಳಗಿನಿಂದ ಗಗನ ಮುದ್ದೆ ತಂದಳು, ಹಿಂದೆ ದೀಪಿಕ ಸಾರಿನ ಬಕೆಟ್ಟು ಹಿಡಿದು ಬಂದಳು. ಇಬ್ಬರೂ ಒಂದೇ ಬಣ್ಣದ ಸೀರೆ ಉಟ್ಟಿದ್ದರು. ಗಗನ ಇಟ್ಟ ಮುದ್ದೆ ಎಲೆಯ ಅಂಚಿಗೆ ಬಿತ್ತು.

"ಅವ್ವ ಬರ್ಲಿಲ್ವಾ ಅಪ್ಪ?"

"ಇಲ್ಲ ಕಣವ್ವ."

ಅವಳು ಮುದ್ದೆಯನ್ನು ಎಲೆಯ ನಡುವಿಗೆ ಸರಿಸಿದಳು. ದೀಪಿಕ ಸಾರು ಬಿಟ್ಟಳು. ಶಿವಯ್ಯ ಉಣ್ಣದೆ ಎಲೆಯನ್ನೇ ನೋಡುತ್ತ ಕೂತ. ಇಲ್ಲಿ ಕೈ ಹಾಕಿದರೆ ಒಪ್ಪಿದ ಹಾಗೆ. ಒಪ್ಪಿದ್ದೇನೆಯೇ? ಅವನಿಗೆ ಗೊತ್ತಿರಲಿಲ್ಲ. ಮುಂದೂಡೋಣವೆಂದರೆ ಇದು ಸಭೆಯಲ್ಲ. ಹಿಂದೆ ಆ ಮಗು ಮತ್ತೆ ರಾಗ ತೆಗೆಯಿತು.

"ಅಮ್ಮ, ಒಂದ್ ಮಾತು" ಅಂದ ಪಟ್ಟಲಮ್ಮನಿಗೆ. ದನಿ ತೀರ ಸಣ್ಣಗಾಗಿತ್ತು. "ತಪ್ಪು ತಿಳೀಬ್ಯಾಡಿ. ನಂಗೆ ಇನ್ನೂ ಏನೂ ಅರ್ಥ ಆಗಿಲ್ಲ. ಈಗ ನಾನು ಎಣ್ಣಿನ್ ಕಡೆಯೋನೋ, ಗಂಡಿನ್ ಕಡೆಯೋನೋ?"

ಪಟ್ಟಲಮ್ಮ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು.

"ನಂಗೂ ಗೊತ್ತಿಲ್ಲ ಕಣಣ್ಣ. ಮೊದ್ಲು ಉಣ್ಣಿ. ಮಕ್ಳು ಅಸ್ಕೊಂಡವೆ."

ಶಿವಯ್ಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡ. ಜಗಲಿಯ ಮೇಲಿದ್ದವರು ದಡಬಡನೆ ಎದ್ದು ಬಂದು ಅವನ ಅಕ್ಕಪಕ್ಕ ಚಾಪೆಯ ಮೇಲೆ ಕೂತರು.